ಮೊರೇರ ಮನೆಯ ಬಾಗಿಲು

ಗುಡ್ಡದ ಮೇಲಿನ ಕಲ್ಲುಚಪ್ಪಡಿಯ ಗೂಡುಗಳು ಗೋರಿಗಳೆಂದು ಅಹಲ್ಯಾ ಮೇಡಂ ಜೀವನವಿಡೀ ಪಾಠ ಹೇಳಿದ್ದರು. ಮೊರೇರೆಂಬ ಕುಳ್ಳ ಜನ ಬೆಂಕಿಮಳೆಗೆ ಹೆದರಿ ಅವುಗಳೊಳಗೆ ಬದುಕಿದ್ದರು ಎಂಬುದು ಯೂಟ್ಯೂಬಿನ ಯಮನೂರಪ್ಪನ ವಾದ. ಇಬ್ಬರೂ ಈಗ ಯಾರೂ ತೆರೆಯದ ಒಂದು ಗೂಡಿನ ಮುಂದೆ ನಿಂತಿದ್ದರು. ಸೋತವರು ಕ್ಯಾಮೆರಾ ಮುಂದೆ ತಪ್ಪೊಪ್ಪಿಕೊಳ್ಳಬೇಕೆಂಬುದು ಪಂಥ.

"ಗೋರಿ ಆದ್ರ ಈ ದುಂಡನೆ ಕಿಂಡಿ ಯಾಕ್ರಿ ಮೇಡಂ? ಸತ್ತಾಂವ ಗಾಳಿ ತಗೊಳ್ಳಾಕ?"

"ಎಡೆ ಇಡೋಕಪ್ಪ. ನಿಮ್ಮಜ್ಜನಿಗೆ ನೀನು ಇಡಲ್ವಾ?"

"ಇಡ್ತೀನ್ರಿ. ಆದ್ರ ಅಜ್ಜನ ಗೋರಿಗೆ ಬಾಗಿಲಾ ಇಟ್ಟಿಲ್ಲ."

ಮೇಡಂ ನಕ್ಕರು. "ಒಂದೇ ಪರೀಕ್ಷೆ ಸಾಕು. ಮನೆಯ ಬಾಗಿಲನ್ನು ಒಳಗಿರೋರು ಹಾಕ್ಕೋತಾರೆ. ಗೋರಿಯನ್ನು ಹೊರಗಿರೋರು ಮುಚ್ಚುತ್ತಾರೆ."

ಕಿಂಡಿಯ ಮುಚ್ಚುಗಲ್ಲನ್ನು ಇಬ್ಬರೂ ಸೇರಿ ತಳ್ಳಿದರು. ಅದು ಅಲುಗಲಿಲ್ಲ. ಮೇಡಂ ಪಕ್ಕದ ಚಪ್ಪಡಿಯ ಬಿರುಕಿಗೆ ಟಾರ್ಚ್ ಹಿಡಿದು ಒಳಗೆ ಇಣುಕಿದರು.

"ಏನ್ ಕಾಣತೈತ್ರಿ?"

"ಕ್ಯಾಮೆರಾ ಆಫ್ ಮಾಡಪ್ಪ," ಎಂದರು ಮೇಡಂ.

ಮುಚ್ಚುಗಲ್ಲು ಸರಿಯದಂತೆ ಒಳಗಿದ್ದವರೇ ಕಲ್ಲು ಒಟ್ಟಿದ್ದರು. ಎಲ್ಲಕ್ಕಿಂತ ಮೇಲಿನ ಕಲ್ಲನ್ನು ಒಂದು ಪುಟ್ಟ ಕೈಯ ಎಲುಬುಗಳು ಇನ್ನೂ ಒತ್ತಿ ಹಿಡಿದಿದ್ದವು.