ಬಲಗಾಲಿನ ಪೆಡಲು

ಅಲೆ ಎದುರಾದ ಕೂಡಲೇ ಇಬ್ಬರು ಕೂರುವ ಕಯಾಕ್ ದೋಣಿ ಬಲಕ್ಕೆ ತಿರುಗಿ ಅಡ್ಡವಾಯಿತು. ಮರುಕ್ಷಣ ಗಂಡ ಹೆಂಡತಿ ಇಬ್ಬರೂ ನೀರಿನಲ್ಲಿದ್ದರು. ಎದೆಮಟ್ಟದ ನೀರು, ಮೈಮೇಲೆ ಲೈಫ್ ಜಾಕೆಟ್. ಮುಳುಗಿದ್ದು ಮರ್ಯಾದೆ ಮಾತ್ರ.

"ದೋಣಿಯಲ್ಲೇ ಏನೋ ದೋಷ ಇದೆ," ಎಂದ ಗಂಡ ದಡದಲ್ಲಿದ್ದ ಕಯಾಕ್ ಕಲಿಸುವವಳಿಗೆ, ಉಪ್ಪುನೀರು ಉಗುಳುತ್ತ. ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. "ಒಂದೂ ಆಕ್ಸಿಡೆಂಟ್ ಮಾಡಿದೋನಲ್ಲ ನಾನು. ರಜಾ ದಿನ ಕಾರಲ್ಲಿ ಕರ್ಕೊಂಡು ಹೊರಟ್ರೆ ಇವಳು ಪಕ್ಕದ ಸೀಟಲ್ಲಿ ಕೂತಿದ್ದೇ ತಡ, ನಿದ್ದೆ. ಅಷ್ಟು ನಂಬಿಕೆ. ಬೇಕಾದ್ರೆ ಕೇಳಿ."

ಕೇಳಬೇಕಾದವಳು ಕೂದಲು ಹಿಂಡಿಕೊಳ್ಳುತ್ತ ದೂರದ ದ್ವೀಪವನ್ನೇ ನೋಡುತ್ತಿದ್ದಳು. ಅಲ್ಲಿನ ದೀಪಸ್ತಂಭಕ್ಕೆ ಅವಳ ಅಪ್ಪ ಕಾವಲುಗಾರನಾಗಿದ್ದ. ಅವಳು ಹುಟ್ಟಿದ್ದೂ ಅದರ ಬುಡದ ಮನೆಯಲ್ಲೇ. ದ್ವೀಪಕ್ಕೆ ಜನರನ್ನು ಒಯ್ಯುತ್ತಿದ್ದ ಲಾಂಚ್ ನಿಂತು ಎರಡು ವರ್ಷವಾಗಿತ್ತು. ಈಗ ಅಲ್ಲಿಗೆ ಹೋಗುವುದು ಕಯಾಕ್ ಕಲಿಸುವವಳ ತಂಡವೊಂದೇ, ಅದೂ ಈ ವರ್ಷದ ಕೊನೆಯ ಸಲ, ನಾಳೆ. ತಂಡದ ಜೊತೆ ಹೋಗಬೇಕಾದರೆ ತೇಲುವ ಕೆಂಪು ಡ್ರಮ್ ಸುತ್ತಿ ಮಗುಚದೆ ವಾಪಸು ಬರಬೇಕು. ಮೂರು ಅವಕಾಶ. ಒಂದು ಮುಗಿದಿತ್ತು.

"ಅಲೆ ಬಂದಾಗ ಬಲಗಾಲು ಒತ್ತಿದ್ರಿ ಸರ್," ಎಂದಳು ಕಲಿಸುವವಳು. "ಚುಕ್ಕಾಣಿ ಹೊರಳಿದ್ದು ಇಲ್ಲಿಂದಲೇ ಕಾಣಿಸ್ತು."

"ಎದುರಿಗೆ ಏನಾದ್ರೂ ಬಂದ್ರೆ ಬ್ರೇಕ್ ಹಾಕ್ಬೇಡ್ವಾ?"

"ಅದು ಬ್ರೇಕ್ ಅಲ್ಲ. ಬಲಗಡೆ ಪೆಡಲ್ ಒತ್ತಿದ್ರೆ ದೋಣಿ ಬಲಕ್ಕೆ ಹೋಗುತ್ತೆ, ಅಷ್ಟೇ. ಪೆಡಲ್ ಇರೋದು ಹಿಂದಿನ ಸೀಟಿಗೆ ಮಾತ್ರ. ಅಮ್ಮ ಹಿಂದೆ ಕೂರ್ಲಿ. ಡ್ರೈವಿಂಗ್ ಬರದೇ ಇರೋರೇ ವಾಸಿ."

ಗಂಡ ಮುಖ ಊದಿಸಿಕೊಂಡು ಮುಂದೆ ಕುಳಿತ. ಈ ವಯಸ್ಸಿನಲ್ಲಿ ಪ್ಯಾಸೆಂಜರ್ ಆಗಬೇಕಾಯಿತಲ್ಲ ಎಂದು ಗೊಣಗಿದ. ಹೆಂಡತಿ ಹಿಂದೆ ಕುಳಿತು ಪೆಡಲುಗಳ ಮೇಲೆ ಕಾಲಿಟ್ಟಳು. ಸ್ವಲ್ಪ ದೂರ ಎಲ್ಲ ಸರಿಯಾಗಿಯೇ ಇತ್ತು. ಅಲೆ ಬಂತು. ಕಯಾಕ್ ಬಲಕ್ಕೆ ತಿರುಗಿ ಮತ್ತೆ ಮಗುಚಿತು.

"ಅಮ್ಮ, ನೀವು ಒಂದು ದಿನವೂ ಗಾಡಿ ಓಡಿಸಿದೋರಲ್ಲ," ಎಂದಳು ಕಲಿಸುವವಳು. "ನೀವ್ಯಾಕೆ ಬಲಗಾಲು ಒತ್ತಿದ್ರಿ?"

ಹೆಂಡತಿ ತನ್ನ ಪಾದವನ್ನು ಬೇರೆ ಯಾರದ್ದೋ ಎಂಬಂತೆ ನೋಡಿದಳು. "ಕಾರಲ್ಲಿ ಇವರ ಪಕ್ಕ ಕೂತೂ ಕೂತೂ ಅಭ್ಯಾಸ ಆಗ್ಬಿಟ್ಟಿದೆ ಕಣಮ್ಮ."

ಗಂಡ ದೋಣಿಯೊಳಗಿನ ನೀರು ಮೊಗೆದು ಚೆಲ್ಲತೊಡಗಿದ. ನೀರೆಲ್ಲ ಖಾಲಿಯಾದ ಮೇಲೂ ಮೊಗೆಯುತ್ತಲೇ ಇದ್ದ. ಕಲಿಸುವವಳು ಹಗ್ಗ ಎಳೆದು ಚುಕ್ಕಾಣಿಯನ್ನು ಮೇಲೆತ್ತಿ ಕಟ್ಟಿದಳು. ಹಿಂಭಾಗದ ತಳದಲ್ಲಿದ್ದ ಸೀಳಿನಿಂದ ಅಂಗೈಯಗಲದ ಒಂದು ಹಲಗೆಯನ್ನು ಕೆಳಗಿಳಿಸಿದಳು.

"ಇದು ಅತ್ತಿತ್ತ ತಿರುಗಲ್ಲ. ದೋಣಿನ ನೇರ ಇಡೋದಷ್ಟೇ ಇದರ ಕೆಲಸ. ತಿರುಗಿಸಬೇಕಾದ್ರೆ ಹುಟ್ಟು ಹಾಕಿ. ಕಾಲು ಎಷ್ಟು ಬೇಕಾದ್ರೂ ಒತ್ಕೊಳ್ಳಿ."

ಮೂರನೆಯ ಸಲ ಅಲೆ ಬಂದಾಗ ಇಬ್ಬರೂ ಒಟ್ಟಿಗೇ ಹಿಂದಕ್ಕೆ ವಾಲಿದ್ದು ದಡದಿಂದ ಕಾಣಿಸಿತು. ಬಲಗಾಲುಗಳು ತಮ್ಮ ಕೆಲಸ ಮಾಡಿರಬೇಕು. ದೋಣಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅಲೆ ಹತ್ತಿ, ಇಳಿದು, ಡ್ರಮ್ ಸುತ್ತಿಕೊಂಡು ವಾಪಸು ಬಂತು.

"ಬೆಳಗ್ಗೆ ಆರಕ್ಕೆ ಇಲ್ಲಿರಿ," ಎಂದಳು ಕಲಿಸುವವಳು. ಹೆಂಡತಿ ಸಂತೋಷದಿಂದ ಅವಳ ಎರಡೂ ಕೈ ಹಿಡಿದುಕೊಂಡಳು.

ಕಾರಿನಲ್ಲಿ ಕುಳಿತ ಮೇಲೆ ಗಂಡ ಕೀಲಿ ತಿರುಗಿಸಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ನೀನು ಪಕ್ಕದಲ್ಲಿ ನಿದ್ದೆ ಮಾಡ್ತಾನೇ ಇರ್ಲಿಲ್ವಾ?"

"ಮಾಡ್ತಿದ್ನಲ್ರೀ," ಎಂದಳು ಹೆಂಡತಿ, ಬೆಲ್ಟು ಬಿಗಿದುಕೊಳ್ಳುತ್ತ. "ರೆಡ್ ಸಿಗ್ನಲ್ ಬಿದ್ದಾಗ."