ಹೆಸರು ಕೇಳಿದ ಕಂಪನಿ

“ಊರ ಹೆಸರು ಕೊಟ್ಟು ಬೂಟು ಇಸ್ಕೊಳೋ ಗತಿ ನಮ್ಗಿನ್ನೂ ಬಂದಿಲ್ಲ” ಎಂದು ತಮ್ಮಯ್ಯ ಎದ್ದು ನಿಂತು ಹೇಳಿದಾಗ, ಬಾಬುರಾಯನಕೊಪ್ಪಲಿನ ಶಾಲೆಯ ಜಗಲಿಯಲ್ಲಿ ಸೇರಿದ್ದ ನಲವತ್ತು ಮಂದಿಯಲ್ಲಿ ಹೆಚ್ಚಿನವರು ಚಪ್ಪಾಳೆ ತಟ್ಟಿದರು. ಭಾನುವಾರದ ಬೆಳಿಗ್ಗೆ. ಫುಟ್‌ಬಾಲ್ ತಂಡದ ಕಾರ್ಯದರ್ಶಿ ಶಿವಲಿಂಗಯ್ಯ ಆಗಷ್ಟೇ ಮೈಸೂರಿನ ನವಜಲ ಪೈಪ್ ಕಂಪನಿಯ ಪತ್ರವನ್ನು ಓದಿ ಮುಗಿಸಿದ್ದ. ತಂಡವನ್ನು ಕಂಪನಿ ವಹಿಸಿಕೊಳ್ಳುತ್ತದೆ. ಎಲ್ಲರಿಗೂ ಬೂಟು, ಅಂಗಿ, ಬಸ್ಸಿನ ಖರ್ಚು. ನಾಲ್ಕು ಜನ ಆಟಗಾರರಿಗೆ ಕಾರ್ಖಾನೆಯಲ್ಲಿ ಕಾಯಂ ಕೆಲಸ. ಆದರೆ ಇನ್ನು ಮುಂದೆ ತಂಡದ ಹೆಸರು ‘ನವಜಲ ಪೈಪ್ಸ್’. ಊರಿನ ಹೆಸರು ಅಂಗಿಯ ಮೇಲೂ ಇರಕೂಡದು, ಪಂದ್ಯದ ಕಾಗದಪತ್ರದಲ್ಲೂ ಇರಕೂಡದು.

ತಮ್ಮಯ್ಯ ಎಂದೂ ಚೆಂಡು ಒದ್ದವನಲ್ಲ. ಕಬ್ಬು ಬೆಳೆಯುವ ರೈತ. ಆದರೆ ಹತ್ತೊಂಬತ್ತು ವರ್ಷಗಳಿಂದ ತಂಡ ಎಲ್ಲಿ ಆಡಿದರೂ, ಪಾಂಡವಪುರವಾಗಲಿ ನಾಗಮಂಗಲವಾಗಲಿ, ಗೆರೆಯ ಪಕ್ಕದಲ್ಲಿ ಅವನು ನಿಂತಿರಬೇಕು. ರೈಲ್ವೆಯಲ್ಲಿದ್ದು ನಿವೃತ್ತನಾದ ಶಿವಲಿಂಗಯ್ಯ ಅವನ ಜೊತೆಗಾರ. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ಈಗ ಮೊದಲ ಸಲ ಇಬ್ಬರಿಗೂ ಮಾತು ಕೂಡಿಬರಲಿಲ್ಲ. ಎರಡೂ ಹೆಸರು ಇಡೋಣವೆಂದು ತಾನು ಮ್ಯಾನೇಜರನ್ನು ಕೇಳಿದ್ದಾಗಿಯೂ, ಆತ ಒಪ್ಪಲಿಲ್ಲವೆಂದೂ, ಹರಿದ ಬೂಟಿನಲ್ಲಿ ಹುಡುಗರನ್ನು ಇನ್ನೆಷ್ಟು ದಿನ ಓಡಿಸುವುದೆಂದೂ ಶಿವಲಿಂಗಯ್ಯ ಹೇಳಿದ. ತಮ್ಮಯ್ಯ ಕೇಳಿಸಿಕೊಳ್ಳಲಿಲ್ಲ. ಆಡುವವರು ಹನ್ನೊಂದು ಜನವಾದರೂ ಗೆದ್ದ ದಿನ ಇಡೀ ಕೊಪ್ಪಲು ಗೆಲ್ಲುತ್ತದೆ, ಸೋತ ದಿನ ಇಡೀ ಕೊಪ್ಪಲಿಗೆ ಅನ್ನ ಸೇರುವುದಿಲ್ಲ. ಪೈಪಿನ ಕಂಪನಿ ಗೆದ್ದರೆ ನಮಗೇನು, ಸೋತರೆ ನಮಗೇನು ಎಂದ. ಜನ ಹೌದು ಹೌದು ಎಂದರು. ಆಟಗಾರರು ಮಾತ್ರ ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಡೈರಿಗೆ ಹಾಲು ಹಾಕಿ ಬರುತ್ತಿದ್ದ ಪುಟ್ಟತಾಯಮ್ಮ ಅಷ್ಟು ಹೊತ್ತಿನಿಂದ ಜಗಲಿಯ ಕೆಳಗೆ ನಿಂತಿದ್ದಳು. ತಂಡದ ಮುಂದಿನ ಸಾಲಿನಲ್ಲಿ ಆಡುವ ಪುಟ್ಟರಾಜು ಅವಳ ಮಗ. ಕೆಲಸ ಸಿಗುವ ನಾಲ್ವರಲ್ಲಿ ಒಬ್ಬ. ಅವಳು ಕ್ಯಾನು ಕೆಳಗಿಟ್ಟಳು.

“ತಮ್ಮಯ್ಯಣ್ಣ, ನಾಗಮಂಗ್ಲದಲ್ಲಿ ನನ್ ಮಗನ ಕಾಲು ಮುರ್ದಾಗ ಎತ್ಕೊಂಡು ಬಂದೋನು ನೀನೆಯ. ಇಲ್ಲ ಅನ್ನಾಕಿಲ್ಲ. ಆಮ್ಯಾಕೆ ಆರು ತಿಂಗ್ಳು ಅವನು ಗ್ವಾಡೆ ನೋಡ್ಕೊಂಡು ಮಲಗಿದ್ದ. ಆಗ ಯಾರಿದ್ರು?”

ತಮ್ಮಯ್ಯ ಅವತ್ತು ಲಾರಿಯೊಂದನ್ನು ತಡೆದು, ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೈಸೂರಿನ ಆಸ್ಪತ್ರೆಯವರೆಗೆ ಕೂತು ಬಂದಿದ್ದ. ಆಮೇಲೆ ಮೂರು ಸಲ ಮನೆಗೆ ಹೋಗಿ ನೋಡಿದ್ದ. ಅಷ್ಟರಲ್ಲಿ ಕಬ್ಬು ಕಡಿಯುವ ಕಾಲ ಬಂತು. ತಂಡಕ್ಕೆ ಪುಟ್ಟರಾಜುವಿನ ಜಾಗದಲ್ಲಿ ಬೇರೊಬ್ಬ ಬಂದ. ತಮ್ಮಯ್ಯ ಆ ಬೇರೊಬ್ಬನಿಗೂ ಅಷ್ಟೇ ಗಟ್ಟಿಯಾಗಿ ಕೂಗಿದ್ದ.

“ಅವನ್ಗೀಗ ಇಪ್ಪತ್ತಾರು. ಇನ್ನೊಂದು ಮೂರು ವರ್ಸ ಓಡ್ತಾನೆ” ಎಂದಳು ಪುಟ್ಟತಾಯಮ್ಮ. ದನಿ ಏರಿಸಲಿಲ್ಲ. “ನೀವು ಊರ ಹೆಸ್ರು ಉಳಿಸ್ಕೊಳ್ಳಿ. ನಾನ್ ಬ್ಯಾಡ ಅನ್ನಲ್ಲ. ಓಡೋದು ನಿಂತ್ಮೇಲೆ ಅವನ್ನ ಏನ್ ಮಾಡ್ಲಿ, ಅದನ್ನೊಂದು ಹೇಳ್ಬುಡಿ.”

ಪುಟ್ಟರಾಜು ಎದ್ದು ಬಂದು, ನಡಿಯವ್ವ ಎಂದು ತಾಯಿಯ ಕೈ ಹಿಡಿದ. ಶಿವಲಿಂಗಯ್ಯ ಪತ್ರವನ್ನು ಮಡಿಸಿ, ಒಪ್ಪಿಗೆ ಇರುವವರು ಕೈ ಎತ್ತಿ ಎಂದಾಗ ಮೊದಲು ಎದ್ದ ಕೈ ತಮ್ಮಯ್ಯನದು. ಅವನು ಯಾರ ಮುಖವನ್ನೂ ನೋಡಲಿಲ್ಲ. ಉಳಿದ ಕೈಗಳು ಒಂದೊಂದಾಗಿ ಮೇಲೆದ್ದವು. ಸಭೆ ಮುಗಿದ ಮೇಲೆ ಶಿವಲಿಂಗಯ್ಯ ಸೈಕಲ್ ತಂದು ಪಕ್ಕದಲ್ಲಿ ನಿಲ್ಲಿಸಿದರೂ, ತಮ್ಮಯ್ಯ ನಡೆದೇ ಬರುತ್ತೇನೆಂದು ಹೇಳಿ ಗದ್ದೆಯ ಕಡೆ ಹೋಗಿಬಿಟ್ಟ.

ಇನ್ನು ಮೇಲೆ ಆಟ ನೋಡಲು ಹೋಗುವುದಿಲ್ಲವೆಂದು ಹೆಂಡತಿಗೆ ಹೇಳಿದ್ದ. ಆದರೂ ತಿಂಗಳ ಮೇಲೆ ಕಿಕ್ಕೇರಿಯಲ್ಲಿ ಟೂರ್ನಮೆಂಟು ಎಂದು ಗೊತ್ತಾದ ದಿನ ಒಬ್ಬನೇ ಹೋಗಿ ಬಸ್ಸು ಹತ್ತಿದ. ಮೈದಾನದಲ್ಲಿ ಹುಡುಗರು ಕೆಂಪು ಅಂಗಿ ತೊಟ್ಟಿದ್ದರು, ಎಲ್ಲರ ಕಾಲಲ್ಲೂ ಹೊಳೆಯುವ ಬೂಟು. ಕಂಪನಿಯ ಕಡೆಯವನೊಬ್ಬ ಜೀಪಿನಿಂದ ಇಳಿದು, ಗೋಲು ಬಿದ್ದಾಗ ಏನೆಂದು ಕೂಗಬೇಕೆಂದು ಕೊಪ್ಪಲಿನವರಿಗೆ ಹೇಳಿಕೊಟ್ಟು ಹೋದ. ದ್ವಿತೀಯಾರ್ಧದಲ್ಲಿ ಪುಟ್ಟರಾಜು ಇಬ್ಬರನ್ನು ತಪ್ಪಿಸಿ, ಆ ಮುರಿದು ಕೂಡಿದ ಕಾಲಿನಿಂದಲೇ ಹೊಡೆದ. ಚೆಂಡು ಒಳಗೆ ಹೋಯಿತು. ಕೊಪ್ಪಲಿನ ಜನ ಎಲ್ಲ ಒಟ್ಟಿಗೆ ಎದ್ದರು, ಬಾಯಿ ತೆರೆದರು, ಹೇಳಿಕೊಟ್ಟದ್ದು ಬಾಯಿಗೆ ಬಾರದೆ, ಊರ ಹೆಸರು ಕೂಗಲಾರದೆ ಒಬ್ಬರ ಮುಖ ಒಬ್ಬರು ನೋಡಿದರು. ಶಿವಲಿಂಗಯ್ಯ ಸುಮ್ಮನೆ ಚಪ್ಪಾಳೆ ತಟ್ಟತೊಡಗಿದ.

ತಮ್ಮಯ್ಯನ ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತ ನಿಂತಿದ್ದ ಕಿಕ್ಕೇರಿಯ ಮುದುಕನೊಬ್ಬ, ಚೆಂದಾಗಿ ಆಡ್ತಾವ್ರೆ ಎಂದು ಮೆಚ್ಚಿ, ಆ ಕೆಂಪು ಅಂಗಿಯವರದು ಯಾವ ಊರೆಂದು ಕೇಳಿದ.

“ಟೀಮಿಗೆ ಊರಿಲ್ಲ ಕಣಣ್ಣ” ಎಂದ ತಮ್ಮಯ್ಯ. ಮೈದಾನದ ಕಡೆ ಕೈ ಮಾಡಿ, “ಹುಡುಗ್ರು ಮಾತ್ರ ನಮ್ಮೋರೆಯ” ಎಂದ.