ಪಕ್ಕದ ಕೋಣೆಯ ಮುಖ

ಮಣ್ಣಿನ ಮುಖಕ್ಕೆ ಕೆಳತುಟಿ ಕೂರಿಸಿ, ಶಿಲ್ಪಿ ಹಿಂದೆ ಸರಿದು ನೋಡಿದಳು. ಮೇಜಿನ ಮೇಲಿಂದ ಅವಳ ಅಣ್ಣ ಅವಳನ್ನೇ ನೋಡುತ್ತಿದ್ದ.

ಪೊಲೀಸರು ತಂದುಕೊಟ್ಟ, ಯಾರದೆಂದು ಗೊತ್ತಿಲ್ಲದ ತಲೆಬುರುಡೆಯ ಪಡಿಯಚ್ಚು ಅದು. ಯಾವ ಮೂಳೆಯ ಮೇಲೆ ಎಷ್ಟು ದಪ್ಪ ಮಾಂಸವಿತ್ತೆಂದು ಲೆಕ್ಕ ಹಾಕಿ ಅಳತೆಕಡ್ಡಿ ಅಂಟಿಸಿಕೊಡುವುದು ಪ್ರೊಫೆಸರರ ಕೆಲಸ; ಅಷ್ಟೇ ದಪ್ಪಕ್ಕೆ ಮಣ್ಣು ಮೆತ್ತುವುದು ಅವಳ ಕೆಲಸ. ಬುರುಡೆ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂದು ಕೇಳಿದರೆ ಈ 'ಮೂಳೆ ಮೇಷ್ಟ್ರು' ಬಾಯಿ ಬಿಡುವವರಲ್ಲ. ಕತೆ ಗೊತ್ತಾದರೆ ಕೈ ಕೆಡುತ್ತದಂತೆ.

ನೋಡಲು ಅವಳಂತೆಯೇ ಇದ್ದ ಅಣ್ಣ ಮನೆಯಲ್ಲಿ ಜಗಳವಾಡಿ ಹೋಗಿ ವರ್ಷ ಕಳೆದಿತ್ತು. ಫೋನ್ ಸ್ವಿಚ್ ಆಫ್. ಆದರೂ ನಂಬರ್ ಕಟ್ಟಾಗಬಾರದೆಂದು ಅಮ್ಮ ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದಳು.

"ಸಾರ್... ಇದು ನಮ್ಮಣ್ಣ."

ಮೇಷ್ಟ್ರು ಕನ್ನಡಕ ಹಣೆಗೇರಿಸಿ ನಕ್ಕರು. "ಹೆದರ್ಬೇಡಮ್ಮಾ. ತುಟಿ, ಕಿವಿ ಹೇಗಿತ್ತು ಅಂತ ಮೂಳೆ ಹೇಳಲ್ಲ. ಅಲ್ಲೆಲ್ಲ ಕೈ ತನಗೆ ಗೊತ್ತಿರೋರನ್ನೇ ಮಾಡ್ಕೊಂಡ್ಬಿಡುತ್ತೆ. ಹಿಂದೆ ಒಬ್ಬ ಇದ್ದ, ಯಾವ ಬುರುಡೆ ಕೊಟ್ರೂ ಅವನ ಮಾವನೇ ಎದ್ದು ಕೂರೋರು!"

"ದವಡೆ ಮೂಳೆಯದೇ ಅಲ್ವಾ ಸಾರ್? ಈ ಹುಬ್ಬಿನ ಮೂಳೆಯ ಉಬ್ಬು?"

ಅವರ ನಗು ನಿಂತಿತು. "ಅದಕ್ಕೇ ತಾನೇ ಇಬ್ಬರ ಕೈಲಿ ಮಾಡ್ಸೋದು? ಪಕ್ಕದ ರೂಮಲ್ಲಿ ಇನ್ನೊಬ್ಬರು ಇದೇ ಬುರುಡೆಗೆ ಮಣ್ಣು ಹಾಕಿದಾರೆ. ಅವರು ನಿಮ್ಮಣ್ಣನ್ನೂ ಕಂಡಿಲ್ಲ, ನಿನ್ನನ್ನೂ ಕಂಡಿಲ್ಲ. ಬಾ, ನೋಡೇ ಬಿಡೋಣ. ಅಲ್ಲಿ ಬೇರೆ ಮುಖ ಇದ್ರೆ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗು."

ಕೆಲಸ ಮುಗಿಯುವವರೆಗೆ ಇಬ್ಬರು ಶಿಲ್ಪಿಗಳೂ ಒಬ್ಬರನ್ನೊಬ್ಬರು ನೋಡಕೂಡದೆಂಬುದು ಮೇಷ್ಟ್ರು ತಾವೇ ಮಾಡಿದ ನಿಯಮ. ಇವತ್ತು ತಾವೇ ಮುರಿದರು. ಅವಳು ಅವರ ಹಿಂದೆ ನಡೆದಳು. ಮೂಗೊಂದಾದರೂ ಬೇರೆ ಇರಲಿ, ತಾನು ಕಲಿತದ್ದೆಲ್ಲ ಸುಳ್ಳಾಗಲಿ, ನಾಳೆಯಿಂದ ಯಾರೂ ತನಗೆ ಕೆಲಸ ಕೊಡದಿದ್ದರೂ ಸರಿ ಎಂದು ಬೇಡಿಕೊಂಡಳು.

ಮೇಷ್ಟ್ರು ಬಾಗಿಲು ತಟ್ಟಿದರು. ಮಣ್ಣಿನ ಕೈ ಒರೆಸಿಕೊಳ್ಳುತ್ತ ವಯಸ್ಸಾದ ಶಿಲ್ಪಿಯೊಬ್ಬರು ಬಾಗಿಲು ತೆರೆದರು. ಅವರ ಹಿಂದೆ ಮೇಜಿನ ಮೇಲೆ ಒದ್ದೆ ಬಟ್ಟೆ ಹೊದೆಸಿದ ತಲೆ.

"ನಮಸ್ಕಾರ ಸಾರ್, ಬನ್ನಿ ಬನ್ನಿ," ಎಂದವರು ಅವಳತ್ತ ತಿರುಗಿದರು. "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲಮ್ಮಾ..."

ಅವರು ಒಮ್ಮೆ ಮೇಜಿನ ಕಡೆ ನೋಡಿದರು, ಮತ್ತೊಮ್ಮೆ ಅವಳ ಮುಖ ನೋಡಿದರು. ಆಮೇಲೆ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು.